ಗೋಡೆಯ ಕಲೆ: ಒರೆಸಬೇಕಾ, ಉಜ್ಜಬೇಕಾ, ಬಣ್ಣ ಹೊಡೆಯಬೇಕಾ?

ಗೋಡೆಯ ಮೇಲೆ ಕಲೆ ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಇದು ಯಾತರಿಂದ ಹೋಗುತ್ತೆ? ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ: ಈ ಗೋಡೆಗೆ ಹೊಡೆದಿರುವುದು ಯಾವ ಬಣ್ಣ? ಬಾಲ್ ಪೆನ್ನಿನ ಗೀಟು ಆಯಿಲ್ ಪೇಂಟ್ ಗೋಡೆಯಿಂದ ಅರೆ ನಿಮಿಷದಲ್ಲಿ ಹೋಗುತ್ತದೆ. ಅದೇ ಗೀಟನ್ನು ಡಿಸ್ಟೆಂಪರ್ ಗೋಡೆಯಿಂದ ತೆಗೆಯಲು ಹೋದರೆ ಗೀಟಿನ ಜೊತೆ ಬಣ್ಣವೂ ಕಿತ್ತು ಬಂದು ಅಂಗೈಯಗಲ ಮಾಸಲು ಮಚ್ಚೆ ಉಳಿಯುತ್ತದೆ. ಮೊದಲಿದ್ದ ಗೀಟೇ ವಾಸಿಯಾಗಿತ್ತು ಅನ್ನಿಸುತ್ತದೆ. ಆದ್ದರಿಂದ ಗೋಡೆಯಿಂದಲೇ ಶುರು ಮಾಡೋಣ.

ನಿಮ್ಮ ಗೋಡೆ ಯಾವುದು?

ಸೋಫಾದ ಹಿಂದೆಯೋ ಬೀರುವಿನ ಪಕ್ಕದಲ್ಲೋ ಯಾರಿಗೂ ಕಾಣದ ಒಂದು ಜಾಗ ಹುಡುಕಿ. ಒಣ ಕೈಯಿಂದ ಸವರಿದಾಗಲೇ ಅಂಗೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಹಳೇ ಕಾಲದ ಒಣ ಡಿಸ್ಟೆಂಪರ್. ಕೈಗೆ ಏನೂ ಹತ್ತದಿದ್ದರೆ ಬಿಳಿ ಬನಿಯನ್ ಬಟ್ಟೆಯನ್ನು ಒದ್ದೆ ಮಾಡಿ ಹತ್ತು ಸಲ ಉಜ್ಜಿ. ಬಟ್ಟೆಗೆ ಗೋಡೆಯ ಬಣ್ಣ ಬಂದರೆ ಅಕ್ರಿಲಿಕ್ ಡಿಸ್ಟೆಂಪರ್ ಇರಬೇಕು. ಬಣ್ಣ ಬರದೆ ಬರೀ ಧೂಳು ಬಂದರೆ ಎಮಲ್ಷನ್, ಅಂದರೆ ಕೆಲವರು ಪ್ಲಾಸ್ಟಿಕ್ ಪೇಂಟ್ ಅನ್ನುವುದು. ಗೋಡೆ ಗಾಜಿನ ಹಾಗೆ ಹೊಳೆಯುತ್ತಾ, ನೀರು ಹೀರದೆ ಹನಿಹನಿಯಾಗಿ ಜಾರಿದರೆ ಅದು ಎನಾಮೆಲ್, ಅಂದರೆ ನಾವು ಆಯಿಲ್ ಪೇಂಟ್ ಅನ್ನುವುದು.

ಬ್ರಾಂಡಿನ ಹೆಸರು ಕೇಳಿ ತೀರ್ಮಾನ ಮಾಡಬೇಡಿ. ಏಷ್ಯನ್ ಪೇಂಟ್ಸ್‌ನ 'ಟ್ರಾಕ್ಟರ್' ಹೊಡೆಸಿದ್ದೇವೆ ಅನ್ನುತ್ತಾರೆ. ಆ ಹೆಸರಿನಲ್ಲಿ ಡಿಸ್ಟೆಂಪರೂ ಇದೆ, ಎಮಲ್ಷನ್ನೂ ಇದೆ. ಹಳೇ ಡಬ್ಬಿ ಮನೆಯಲ್ಲಿದ್ದರೆ ಅದರ ಮೇಲೆ ಬರೆದಿದ್ದನ್ನು ಓದಿ. ಇಲ್ಲದಿದ್ದರೆ ಬಟ್ಟೆಯ ಪರೀಕ್ಷೆಯನ್ನೇ ನಂಬಿ.

ಸುಣ್ಣದ ಗೋಡೆಯ ವಿಷಯ ಬೇಗ ಮುಗಿಯುತ್ತದೆ. ಅದನ್ನು ತೊಳೆಯಲು ಆಗುವುದಿಲ್ಲ. ನಿಂಬೆಹಣ್ಣು, ವಿನೆಗರ್ ತಾಗಿಸಲೇಬಾರದು, ಹುಳಿ ಸುಣ್ಣವನ್ನು ಕರಗಿಸುತ್ತದೆ. ಒಣ ಬಟ್ಟೆಯಲ್ಲಿ ಧೂಳು ಹೊಡೆದು ಇನ್ನೊಂದು ಕೈ ಸುಣ್ಣ ಬಳಿಯಿರಿ. ಖರ್ಚು ಕಡಿಮೆ, ಗೋಡೆ ಹೊಸದಾಗುತ್ತದೆ.

ಎಮಲ್ಷನ್ ಗೋಡೆಯಲ್ಲಿ ಸ್ವಲ್ಪ ಜಾಸ್ತಿ ಗಮನ ಬೇಕು, ಯಾಕೆಂದರೆ ಅದರಲ್ಲೇ ಎರಡು ಬಗೆ. ಹೊಳಪಿಲ್ಲದ ಮ್ಯಾಟ್ ಬಣ್ಣದಲ್ಲಿ ಪುಡಿ ಹೆಚ್ಚು, ಅದನ್ನು ಹಿಡಿದಿಡುವ ಅಂಟು ಕಡಿಮೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಕಲೆ ಒಳಗೆ ಇಳಿಯುತ್ತದೆ. ಹೊಳಪಿರುವ ಬಣ್ಣದಲ್ಲಿ ಅಂಟು ಹೆಚ್ಚು, ಕಲೆ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಸ್ಯಾಟಿನ್, ಶೀನ್ ಎಂದು ಬರೆದ ಬಣ್ಣ ತೊಳೆಯುವುದಕ್ಕೆ ಸುಲಭ. ನೋಡಲು ಚೆನ್ನಾಗಿ ಕಾಣುವ ಮ್ಯಾಟ್ ಗೋಡೆ ಉಜ್ಜುವವರಿಗೆ ಕಷ್ಟ. ಇನ್ನೊಂದು ಮಾತು: ಹೊಸದಾಗಿ ಹೊಡೆದ ಎಮಲ್ಷನ್ ಕೈಗೆ ಒಣಗಿದ ಹಾಗೆ ಕಂಡರೂ ಪೂರ್ತಿ ಗಟ್ಟಿಯಾಗಲು ಸುಮಾರು ನಾಲ್ಕು ವಾರ ಬೇಕು. ಗೃಹಪ್ರವೇಶದ ಮರುವಾರವೇ ಗೋಡೆ ತೊಳೆಯಲು ಹೋಗಬೇಡಿ.

ಎನಾಮೆಲ್ ಗೋಡೆಗೆ ಹೆದರಬೇಕಿಲ್ಲ. ಹಳೇ ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಗೋಡೆಯ ಕೆಳಗಿನ ಅರ್ಧಕ್ಕೆ ಆಯಿಲ್ ಪೇಂಟ್ ಹೊಡೆದಿರುವುದನ್ನು ನೋಡಿದ್ದೀರಲ್ವಾ? ಎಷ್ಟು ಜನರ ಕೈ, ಬೆನ್ನು ತಾಗಿದರೂ ಒರೆಸಿದರೆ ಸಾಕು ಎಂದೇ ಹಾಗೆ ಮಾಡುತ್ತಿದ್ದರು.

ಕೈಗೆ ಏನು ತೆಗೆದುಕೊಳ್ಳಬೇಕು?

ಮೊದಲ ಸ್ಥಾನ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಾಕು. ನೊರೆ ಜಾಸ್ತಿಯಾದಷ್ಟೂ ತೆಗೆಯುವ ಕೆಲಸ ಜಾಸ್ತಿ. ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ. ಗೋಡೆಗೆ ತೇವ ತಾಗಬೇಕು, ನೀರು ಹರಿಯಬಾರದು. ಸೋಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಒರೆಸಿಕೊಂಡು ಹೋಗಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಕೆಳಗಿನ ಒಣ ಗೋಡೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ, ಆ ಗೆರೆ ತೆಗೆಯುವುದು ಮೂಲ ಕಲೆಗಿಂತ ಕಷ್ಟ. ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಮೇಲಿನಿಂದ ಕೆಳಗೆ ಒರೆಸಿ. ಕೈ ಗುರುತು, ಧೂಳು, ಕಾಫಿ ಸಿಡಿದದ್ದು, ಅಡಿಗೆಮನೆಯ ಹೊಸ ಜಿಡ್ಡು, ಹೀಗೆ ಮನೆಯ ಹೆಚ್ಚಿನ ಕಲೆಗಳು ಇಷ್ಟಕ್ಕೇ ಹೋಗುತ್ತವೆ. ಇದನ್ನು ಮಾಡಿ ನೋಡದೆ ಮುಂದಿನದಕ್ಕೆ ಕೈ ಹಾಕಬೇಡಿ.

ಅದಕ್ಕೂ ಹೋಗದಿದ್ದರೆ ಎದುರಿಗೆ ಬರುವುದು ಮೂರು: ಅಡಿಗೆ ಸೋಡಾ, ಬಿಳಿ ಟೂತ್‌ಪೇಸ್ಟ್, ಅಂಗಡಿಯಲ್ಲಿ ಮ್ಯಾಜಿಕ್ ಸ್ಪಾಂಜ್ ಎಂದು ಮಾರುವ ಬಿಳಿ ತುಂಡು. ಮೂರೂ ಮಾಡುವ ಕೆಲಸ ಒಂದೇ, ಮೇಲ್ಪದರವನ್ನು ಒಂದಿಷ್ಟು ಸವೆಸುವುದು. ಮ್ಯಾಜಿಕ್ ಸ್ಪಾಂಜಿನಲ್ಲಿ ಮಾಯವೂ ಇಲ್ಲ, ಔಷಧವೂ ಇಲ್ಲ. ಅದು ಮೆಲಮೈನ್ ಎಂಬ ಗಟ್ಟಿ ರಾಳದ ನೊರೆ. ಸದ್ದು ಹೀರಿಕೊಳ್ಳಲು ಕಟ್ಟಡಗಳಲ್ಲಿ ಬಳಸುವ ವಸ್ತು. ಒದ್ದೆಯಾದಾಗ ತುಂಬಾ ನಯವಾದ ಸ್ಯಾಂಡ್ ಪೇಪರ್ ಆಗಿ ಕೆಲಸ ಮಾಡುತ್ತದೆ, ಅಷ್ಟೇ.

ಮೂರರಲ್ಲಿ ಮೊದಲು ನಾನು ಆರಿಸುವುದು ಅಡಿಗೆ ಸೋಡಾವನ್ನು. ಅದರ ಕಣ ಮೆತ್ತಗೆ, ನೀರಿನಲ್ಲಿ ಕರಗುತ್ತದೆ, ತಪ್ಪಿ ಉಳಿದರೂ ಒರೆಸಿದರೆ ಹೋಗುತ್ತದೆ. ಒಂದು ಚಮಚ ಸೋಡಾಕ್ಕೆ ಕೆಲವು ಹನಿ ನೀರು ಹಾಕಿ ಪೇಸ್ಟ್ ಮಾಡಿ, ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿ. ಎರಡನೆಯದು ಮ್ಯಾಜಿಕ್ ಸ್ಪಾಂಜ್. ಅದು ಬೇಗ ಕೆಲಸ ಮುಗಿಸುತ್ತದೆ, ಹಾಗೆಯೇ ಬೇಗ ಹಾಳೂ ಮಾಡುತ್ತದೆ. ಮ್ಯಾಟ್ ಗೋಡೆಯಲ್ಲಿ ಉಜ್ಜಿದ ಜಾಗ ಪಾಲಿಷ್ ಆಗಿ ಹೊಳೆಯತೊಡಗುತ್ತದೆ. ಹೊಳಪಿನ ಗೋಡೆಯಲ್ಲಿ ಅದೇ ಜಾಗ ಮಂಕಾಗುತ್ತದೆ. ಹಗಲಲ್ಲಿ ಗೊತ್ತಾಗುವುದಿಲ್ಲ, ಸಂಜೆ ಟ್ಯೂಬ್‌ಲೈಟಿನ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಒದ್ದೆ ಮಾಡಿ, ಹಿಂಡಿ, ಕೈ ಭಾರ ಬಿಡದೆ ನಾಲ್ಕೈದು ಸಲ ಎಳೆದು ನಿಲ್ಲಿಸಿ ನೋಡಿ. ಟೂತ್‌ಪೇಸ್ಟ್ ಕೊನೆಗೆ. ಕೆಲಸ ಮಾಡುತ್ತದೆ, ಆದರೆ ಗೋಡೆಯ ಒರಟಿನಲ್ಲಿ ಬಿಳಿಯಾಗಿ ಕೂರುತ್ತದೆ, ಅದನ್ನು ತೆಗೆಯಲು ಮತ್ತೆ ಉಜ್ಜಬೇಕು. ಮನೆಯಲ್ಲಿ ಬೇರೆ ಏನೂ ಇಲ್ಲದಿದ್ದಾಗ ಸರಿ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಮಾತ್ರ ಯಾವ ಬಣ್ಣದ ಗೋಡೆಗೂ ಬೇಡ. ಎನಾಮೆಲ್‌ಗೂ ಬೇಡ.

ಸೋಡಾಕ್ಕೆ ವಿನೆಗರ್ ಬೆರೆಸಿ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಬುಸ್ ಎಂದು ನೊರೆ ಬರುವುದರಿಂದ ಏನೋ ಆಗುತ್ತಿದೆ ಅನ್ನಿಸುತ್ತದೆ. ಒಂದು ಕ್ಷಾರ, ಒಂದು ಆಮ್ಲ, ಎರಡೂ ಸೇರಿ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತವೆ. ಉಳಿಯುವುದು ಹೆಚ್ಚುಕಡಿಮೆ ಉಪ್ಪು ನೀರು. ಬೇಕಾದರೆ ಒಂದೊಂದನ್ನೇ ಬಳಸಿ.

ಉಜ್ಜುವುದರಿಂದ ಹೋಗದೆ ಕರಗಿಸಬೇಕಾದ ಕಲೆಗೆ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಬೇಕು. ನೀರಿನಂಥದ್ದಕ್ಕಿಂತ ಜೆಲ್ ಒಳ್ಳೆಯದು, ಇಟ್ಟಲ್ಲೇ ನಿಲ್ಲುತ್ತದೆ. ಇದು ಎಮಲ್ಷನ್ ಬಣ್ಣವನ್ನೂ ಮೆತ್ತಗೆ ಮಾಡಬಲ್ಲದು, ಆದ್ದರಿಂದ ಕಾಣದ ಜಾಗದಲ್ಲಿ ಮೊದಲು ಪರೀಕ್ಷಿಸಿ. ಬೆಂಕಿ ಹತ್ತುವ ವಸ್ತು, ದೇವರ ದೀಪ ಮತ್ತು ಗ್ಯಾಸ್ ಒಲೆಯ ಹತ್ತಿರ ಬೇಡ. ನೇಲ್ ಪಾಲಿಷ್ ರಿಮೂವರ್, ಥಿನ್ನರ್ ಇವೆರಡೂ ಬಣ್ಣವನ್ನೇ ಎಬ್ಬಿಸುತ್ತವೆ.

ಕಲೆಗೆ ತಕ್ಕ ದಾರಿ

ಅರಿಸಿನದಿಂದ ಶುರು ಮಾಡುತ್ತೇನೆ, ನಮ್ಮ ಮನೆಗಳಲ್ಲಿ ಜಾಸ್ತಿ ತಪ್ಪಾಗುವುದು ಅಲ್ಲೇ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಓಕುಳಿ ಮಾಡುತ್ತೇವೆ, ನೀರು ಕೆಂಪಗಾಗುತ್ತದೆ. ಸುಣ್ಣ ಕ್ಷಾರ. ಬಟ್ಟೆ ಸೋಪು, ವಾಷಿಂಗ್ ಸೋಡಾ ಕೂಡ ಕ್ಷಾರ. ಗೋಡೆಗೆ ಸಿಡಿದ ಸಾರಿನ ಹಳದಿ ಕಲೆಯನ್ನು ಬಟ್ಟೆ ಸೋಪಿನಿಂದ ಉಜ್ಜಿದರೆ ಅದು ಕೆಂಪಾಗುವುದು ಇದೇ ಕಾರಣಕ್ಕೆ. ಗಾಬರಿಯಾಗಿ ಇನ್ನಷ್ಟು ಸೋಪು ಹಾಕಿದರೆ ಇನ್ನಷ್ಟು ಕೆಂಪು. ಎಮಲ್ಷನ್ ಗೋಡೆಯಾದರೆ ನೀರು ಬೆರೆಸಿದ ವಿನೆಗರ್ ಒಂದೆರಡು ಹನಿ ತಾಗಿಸಿ, ಮತ್ತೆ ಹಳದಿಗೆ ತಿರುಗುತ್ತದೆ.

ಅರಿಸಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಮತ್ತು ಆಲ್ಕೋಹಾಲಿನಲ್ಲಿ ಕರಗುತ್ತದೆ. ಹಾಗಾಗಿ ಮೊದಲು ಪಾತ್ರೆ ಲಿಕ್ವಿಡ್ಡಿನಿಂದ ಎಣ್ಣೆ ಅಂಶ ತೆಗೆಯಿರಿ, ಆಮೇಲೆ ಹತ್ತಿಗೆ ಸ್ಯಾನಿಟೈಸರ್ ಹಚ್ಚಿ ಒತ್ತಿ ಒತ್ತಿ ತೆಗೆಯಿರಿ. ಉಳಿದ ತಿಳಿ ಹಳದಿಗೆ ಏನೂ ಮಾಡಬೇಡಿ. ಬಿಸಿಲು, ಬೆಳಕು ಅರಿಸಿನದ ಬಣ್ಣವನ್ನು ಮುರಿಯುತ್ತವೆ. ಕಿಟಕಿ ತೆರೆದು ಬೆಳಕು ಬೀಳಲು ಬಿಟ್ಟರೆ ದಿನ ಕಳೆದಂತೆ ತಾನೇ ಮಾಸುತ್ತದೆ. ಬಟ್ಟೆಯ ಅರಿಸಿನ ಕಲೆಯನ್ನು ಬಿಸಿಲಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಮೊದಲಿಂದ ಇದೆ, ಗೋಡೆಗೂ ಅದೇ ನಡೆಯುತ್ತದೆ.

ಮಕ್ಕಳು ಗೀಚಿದ ಗೋಡೆಗೆ ಒಂದೇ ಮದ್ದು ಇಲ್ಲ, ಗೀಚಿದ್ದು ಯಾತರಿಂದ ಎಂದು ನೋಡಬೇಕು. ಪೆನ್ಸಿಲ್ಲಾದರೆ ನೀರು ಮುಟ್ಟಿಸಬೇಡಿ, ಮಸಿ ಹರಡುತ್ತದೆ. ಹೊಸ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಒರೆಸಿ. ಕ್ರೇಯಾನ್ ಮೇಣ. ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ತೋರಿಸಿ ಮೆತ್ತಗಾದಾಗ ಸೋಪಿನ ಬಟ್ಟೆಯಿಂದ ತೆಗೆದರೆ ಬಹುಪಾಲು ಹೋಗುತ್ತದೆ, ಉಳಿದಿದ್ದಕ್ಕೆ ಸೋಡಾ ಪೇಸ್ಟ್. ಬಾಲ್ ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಜೆಲ್ ತೆಗೆದುಕೊಂಡು ಗೀಟಿನ ಮೇಲೆ ಮಾತ್ರ ಓಡಿಸಿ, ತಕ್ಷಣ ಒಣ ಬಟ್ಟೆ ಒತ್ತಿ. ಅಗಲವಾಗಿ ಉಜ್ಜಿದರೆ ಗೀಟು ನೀಲಿ ಮೋಡವಾಗುತ್ತದೆ. ಪರ್ಮನೆಂಟ್ ಮಾರ್ಕರಿಗೂ ಇದೇ ದಾರಿ, ಪೂರ್ತಿ ಹೋಗುವ ಭರವಸೆ ಮಾತ್ರ ಇಲ್ಲ.

ಎಲ್ಲಕ್ಕಿಂತ ಕಷ್ಟ ಸ್ಕೆಚ್ ಪೆನ್. ನೀರಿನ ಶಾಯಿ ಅಲ್ವಾ, ಸುಲಭ ಅಂದುಕೊಳ್ಳುತ್ತೇವೆ. ನೀರಿನ ಜೊತೆ ಅದು ಮ್ಯಾಟ್ ಬಣ್ಣದ ರಂಧ್ರಗಳ ಒಳಗೆ ಇಳಿದುಬಿಟ್ಟಿರುತ್ತದೆ. ಹಸಿಯಿರುವಾಗಲೇ ಒರೆಸಿದರೆ ಹೋಗುತ್ತದೆ. ವಾರ ಕಳೆದಿದ್ದರೆ ಬಣ್ಣ ಹೊಡೆಯುವುದೇ ದಾರಿ, ಅದನ್ನು ಹೇಗೆ ಎಂದು ಮುಂದೆ ಹೇಳುತ್ತೇನೆ.

ತಲೆ ಒರಗಿಸುವ ಜಾಗದ ಎಣ್ಣೆ ಕಲೆ, ಸ್ವಿಚ್ ಬೋರ್ಡ್ ಸುತ್ತಲಿನ ಕಪ್ಪು, ಇವೆರಡೂ ಜಿಡ್ಡಿನ ಕಲೆಗಳೇ. ಎಣ್ಣೆ ಹೊಸದಾಗಿದ್ದರೆ ಟಾಲ್ಕಂ ಪೌಡರ್ ಅಥವಾ ಮೈದಾ ಒತ್ತಿ ಒಂದು ಗಂಟೆ ಬಿಡಿ, ಹೀರಿಕೊಳ್ಳುತ್ತದೆ. ಡಿಸ್ಟೆಂಪರ್ ಗೋಡೆಗೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಆಮೇಲೆ ಎಮಲ್ಷನ್ ಗೋಡೆಯಾದರೆ ಲಿಕ್ವಿಡ್ ನೀರು. ಸ್ವಿಚ್ ಬೋರ್ಡಿನ ಹತ್ತಿರ ಕೆಲಸ ಮಾಡುವ ಮುಂಚೆ ಮೇನ್ ಆಫ್ ಮಾಡಿ. ಸ್ಪ್ರೇ ಮಾಡಬೇಡಿ, ಹಿಂಡಿದ ಬಟ್ಟೆ ಮಾತ್ರ.

ದೇವರ ಮನೆಯ ಮಸಿಗೆ ಹೆಚ್ಚಿನವರು ಒದ್ದೆ ಬಟ್ಟೆ ಹಿಡಿಯುತ್ತಾರೆ. ಬೇಡ. ದೀಪದ, ಊದುಬತ್ತಿಯ ಮಸಿ ಎಣ್ಣೆ ಬೆರೆತ ನಯವಾದ ಪುಡಿ. ನೀರು ತಾಗಿದರೆ ಕಾಡಿಗೆಯಾಗಿ ಗೋಡೆಗೆ ಬಳಿದುಕೊಳ್ಳುತ್ತದೆ. ಮೊದಲು ಮೆತ್ತನೆಯ ಒಣ ಬ್ರಷ್‌ನಿಂದ ಸಡಿಲವಾದ ಮಸಿ ಉದುರಿಸಿ. ಆಮೇಲೆ ಎಣ್ಣೆ ಹಾಕದ, ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನ ಉಂಡೆ ತೆಗೆದುಕೊಂಡು ಗೋಡೆಗೆ ಒತ್ತಿ, ಎತ್ತಿ. ಎಳೆಯಬೇಡಿ. ಮುಖ ಕಪ್ಪಾದಾಗ ಮಡಚಿ ನಾದಿ ಹೊಸ ಮುಖ ಮಾಡಿಕೊಳ್ಳಿ. ಇದು ಹೊಸ ಉಪಾಯವೇನಲ್ಲ. ಅಮೆರಿಕದಲ್ಲಿ ಮನೆಗಳನ್ನು ಕಲ್ಲಿದ್ದಲಿನಿಂದ ಬೆಚ್ಚಗಿಡುತ್ತಿದ್ದ ಕಾಲದಲ್ಲಿ ಗೋಡೆಕಾಗದದ ಮಸಿ ತೆಗೆಯಲು ಇಂಥದ್ದೇ ಹಿಟ್ಟಿನ ಮುದ್ದೆ ಮಾರುತ್ತಿದ್ದರು. ಕಲ್ಲಿದ್ದಲು ಕಡಿಮೆಯಾಗಿ ವ್ಯಾಪಾರ ಕುಸಿದಾಗ, 1950ರ ದಶಕದಲ್ಲಿ, ಅದೇ ಮುದ್ದೆ ಪ್ಲೇ-ಡೋ ಎಂಬ ಮಕ್ಕಳ ಆಟಿಕೆಯಾಯಿತು. ಹಿಟ್ಟಿನಿಂದ ಒಣ ಮಸಿ ಹೋದ ಮೇಲೆ ಉಳಿದ ಜಿಡ್ಡಿಗೆ ಲಿಕ್ವಿಡ್ ನೀರು ಸಾಕು.

ಸೊಳ್ಳೆ ಹೊಡೆದ ರಕ್ತಕ್ಕೆ ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ.

ಮಳೆಗಾಲದ ಕಲೆಗಳು ಬೇರೆಯೇ

ಮಲೆನಾಡು, ಕರಾವಳಿಯವರಿಗೆ ಗೋಡೆಯ ಕಲೆ ಅಂದರೆ ಮೊದಲು ನೆನಪಾಗುವುದು ಬೂಷ್ಟು. ಬೀರು ಹಿಂದಿನ ಗೋಡೆ, ಬಚ್ಚಲಿಗೆ ಅಂಟಿದ ಗೋಡೆ, ಜುಲೈ ಹೊತ್ತಿಗೆ ಕಪ್ಪು ಹಸಿರು ಚುಕ್ಕೆ. ಅದರ ಪಕ್ಕದಲ್ಲೇ ಕೆಲವು ಕಡೆ ಬಿಳಿ ಹತ್ತಿಯಂಥದ್ದೂ ಎದ್ದಿರುತ್ತದೆ. ಎರಡನ್ನೂ ಒಂದೇ ಎಂದುಕೊಂಡರೆ ಕೆಲಸ ಕೆಡುತ್ತದೆ. ಬಿಳಿಯದರ ಮೇಲೆ ಒಂದು ಹನಿ ನೀರು ಹಾಕಿ. ಕರಗಿ ಮಾಯವಾದರೆ ಅದು ಇಟ್ಟಿಗೆ, ಸಿಮೆಂಟಿನಿಂದ ಹೊರಬಂದ ಉಪ್ಪು. ಕರಗದಿದ್ದರೆ ಬೂಷ್ಟು.

ಉಪ್ಪನ್ನು ತೊಳೆಯಬಾರದು. ನೀರಿನ ಜೊತೆ ಮತ್ತೆ ಗೋಡೆಯೊಳಗೆ ಹೋಗಿ, ಒಣಗಿದಾಗ ಮತ್ತೆ ಬರುತ್ತದೆ. ಒಣ ಬ್ರಷ್ಷಿನಿಂದ ಕೆರೆದು ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ಬೂಷ್ಟನ್ನು ಒಣಗಿದ್ದಾಗ ಕೆರೆಯಬಾರದು, ಗಾಳಿಗೆ ಹಾರಿ ಬೇರೆ ಕಡೆ ಹತ್ತುತ್ತದೆ, ಉಸಿರಿಗೂ ಸೇರುತ್ತದೆ. ಮಾಸ್ಕ್, ಗ್ಲೌಸ್ ಹಾಕಿ, ಕಿಟಕಿ ತೆರೆಯಿರಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ನಾಲ್ಕು ಪಾಲು ನೀರು ಬೆರೆಸಿ ಸ್ಪಾಂಜಿನಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು ನೀರಿನ ಬಟ್ಟೆಯಿಂದ ಒರೆಸಿ. ಬಣ್ಣದ ಗೋಡೆ ಮಾಸಬಹುದು, ಮೂಲೆಯಲ್ಲಿ ಪರೀಕ್ಷೆ ಮಾಡಿ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ಅಮೋನಿಯ ಇರುವ ಕ್ಲೀನರ್ ಯಾವುದನ್ನೂ ಬೆರೆಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೆ ಅಪಾಯ.

ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕದೆ ಬ್ಲೀಚ್ ಹಚ್ಚಿದರೆ ಮುಂದಿನ ತಿಂಗಳು ಮತ್ತೆ ಹಚ್ಚಬೇಕಾಗುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯುವುದು ಎಷ್ಟೋ ಮನೆಗಳಲ್ಲಿ ಬ್ಲೀಚಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಗಾಳಿ ಆಡುತ್ತದೆ. ತಾರಸಿ ಸೋರಿ ಬಿದ್ದ ಕಂದು ಉಂಗುರದ ಕಲೆಗೆ ಯಾವ ಸೋಪೂ ನಡೆಯುವುದಿಲ್ಲ. ಸೋರಿಕೆ ನಿಲ್ಲಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣವೇ.

ಬಣ್ಣ ಹೊಡೆಯುವುದೇ ಸರಿ ಅನ್ನಿಸಿದಾಗ

ಡಿಸ್ಟೆಂಪರ್ ಗೋಡೆಯಲ್ಲಿ ಎಣ್ಣೆ, ಶಾಯಿ, ಸ್ಕೆಚ್ ಪೆನ್ ಕಲೆಯಾದರೆ ನಾನು ಉಜ್ಜುವ ಶ್ರಮವನ್ನೇ ಬಿಡುತ್ತೇನೆ, ನೇರವಾಗಿ ಬಣ್ಣಕ್ಕೆ ಹೋಗುವುದು ಒಳ್ಳೆಯದು. ಆದರೆ ಕಲೆಯ ಮೇಲೆ ನೇರವಾಗಿ ಡಿಸ್ಟೆಂಪರ್, ಎಮಲ್ಷನ್‌ನಂಥ ನೀರು ಬೆರೆಸುವ ಬಣ್ಣ ಹೊಡೆದರೆ ಶಾಯಿ, ಮಸಿ, ಎಣ್ಣೆ, ಸೋರಿದ ಕಂದು ಎಲ್ಲ ಮೇಲೆದ್ದು ಬರುತ್ತವೆ. ಎಷ್ಟು ಕೋಟ್ ಹೊಡೆದರೂ ಅಷ್ಟೇ. ನಡುವೆ ಒಂದು ಕೈ ಆಯಿಲ್ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ಅಡಿಪದರ ಬೇಕು. ಡಬ್ಬಿಯ ಮೇಲೆ ಸಾಲ್ವೆಂಟ್ ಥಿನ್ನಬಲ್ (ನೀರಲ್ಲ, ಥಿನ್ನರ್ ಬೆರೆಸುವುದು) ಎಂದಿರುತ್ತದೆ. ಕಲೆಯ ಮೇಲೆ ಮಾತ್ರ ಅದನ್ನು ಹೊಡೆದು ಒಣಗಿಸಿ, ಆಮೇಲೆ ಬಣ್ಣ.

ಮಿಕ್ಕ ಬಣ್ಣ ಮನೆಯಲ್ಲಿದ್ದರೂ ಕಲೆಯ ಮೇಲಷ್ಟೇ ತೇಪೆ ಹಾಕಿದರೆ ಕಾಣುತ್ತದೆ, ಯಾಕೆಂದರೆ ಗೋಡೆ ಅಷ್ಟರಲ್ಲಿ ಸ್ವಲ್ಪ ಮಾಸಿರುತ್ತದೆ. ಮ್ಯಾಟ್ ಗೋಡೆಯಲ್ಲಿ, ಬಣ್ಣ ಹೊಸದಾಗಿದ್ದಾಗ, ಸಣ್ಣ ಕಲೆಗೆ ತೇಪೆ ನಡೆಯುತ್ತದೆ. ಉಳಿದಂತೆ ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಹೊಡೆಸಿ. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಗೆ ಎರಡು ಕೋಟ್ ಹೊಡೆಯಲು ಎರಡು ಲೀಟರ್ ಎಮಲ್ಷನ್ ಸಾಕಾಗುತ್ತದೆ. ಶೇಡ್ ನಂಬರ್ ಡಬ್ಬಿಯ ಮುಚ್ಚಳದ ಚೀಟಿಯಲ್ಲಿರುತ್ತದೆ, ಅದರ ಫೋಟೋ ಇಟ್ಟುಕೊಳ್ಳಿ.

ಹಳೇ ಎನಾಮೆಲ್ ಗೋಡೆಯನ್ನು ಉಜ್ಜಿ ಬಣ್ಣ ಹೊಡೆಯುವುದಿದ್ದರೆ ಒಂದು ಎಚ್ಚರ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚಿರಬಾರದು ಎಂಬ ನಿಯಮ ನಮ್ಮಲ್ಲಿ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣಗಿದ ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಾಕಿ ವಾಟರ್ ಪೇಪರಿನಲ್ಲಿ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್ ಪೇಪರ್) ಉಜ್ಜಿಸಿ. ಕೆಲಸ ಮುಗಿದು ಒರೆಸುವವರೆಗೂ ಚಿಕ್ಕ ಮಕ್ಕಳು, ಗರ್ಭಿಣಿಯರು ಆ ಕೋಣೆಯಲ್ಲಿ ಇರಬಾರದು.

ಬಾಡಿಗೆ ಮನೆಯವರ ಲೆಕ್ಕ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ರೂಢಿ ಇದೆ. ನಿಮ್ಮ ಕರಾರು ಪತ್ರದಲ್ಲಿ ಹಾಗೆ ಬರೆದಿದ್ದರೆ ಕೊನೆಯ ವಾರ ಗೋಡೆ ಉಜ್ಜುತ್ತಾ ಸುಮ್ನೆ ದಣಿಯಬೇಡಿ, ದುಡ್ಡು ಹೇಗೂ ಹೋಗುತ್ತದೆ, ಗೋಡೆಗೆ ಹೇಗೂ ಬಣ್ಣ ಬೀಳುತ್ತದೆ. ಹಾಗೆ ಬರೆದಿಲ್ಲದಿದ್ದರೆ ಲಿಕ್ವಿಡ್ ನೀರು ಮತ್ತು ಸೋಡಾವರೆಗೆ ಹೋಗಿ ನಿಲ್ಲಿ. ಮ್ಯಾಜಿಕ್ ಸ್ಪಾಂಜಿನಿಂದ ಹೊಳೆಯುವ ಮಚ್ಚೆ ಮಾಡಿದರೆ ಅದು ಹೊಸ ಹಾನಿಯಾಗುತ್ತದೆ. ಮತ್ತು ಮುಂದಿನ ಮನೆಗೆ ಸೇರುವ ದಿನವೇ, ಸಾಮಾನು ಇಳಿಸುವ ಮುಂಚೆ, ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಯಾವ ಕಲೆ ಹಳೆಯದು, ಯಾವುದು ನಿಮ್ಮದು ಎಂದು ಇಬ್ಬರಿಗೂ ಗೊತ್ತಿರುತ್ತದೆ.